ಕೊನೆಯ ಗಂಟೆ ಬಾರಿಸಬೇಡಿ

ಚಂಡಮಾರುತಕ್ಕೆ ಮೊಬೈಲ್ ಗೋಪುರ ಮಗುಚಿ ಬಿದ್ದಾಗಿನಿಂದ ಸವಾಯಿ ದ್ವೀಪದ ನಮ್ಮೂರಿಗೆ ಇಂಟರ್ನೆಟ್ ಮೇಲೆ ನಡೆಯುವ ಫೋನೇ ಗತಿ. ಅದನ್ನು ನೋಡಿಕೊಳ್ಳುವ ಗ್ರಹಚಾರ ನನ್ನದು. ಸಂಜೆ ಮನೆಮನೆಯಲ್ಲೂ 'ಸಾ' ಪ್ರಾರ್ಥನೆ. ಅದು ಮುಗಿದ ಗಂಟೆ ಬಿತ್ತೋ, ಊರಿಗೆ ಊರೇ ಆಕ್ಲೆಂಡಿಗೆ ದುಡಿಯಲು ಹೋದ ಮಕ್ಕಳಿಗೆ ಒಟ್ಟಿಗೆ ಫೋನ್ ಹಚ್ಚುತ್ತಿತ್ತು. ಕರೆ ಹಾಯಿಸುವ ಯಂತ್ರ ಕಣ್ಣುಮುಚ್ಚಿ ಮಲಗಿಬಿಡುತ್ತಿತ್ತು. ಅದಕ್ಕೇ ಈ ವಾರ ಮಿತಿ ಹಾಕಿದೆ: ಒಮ್ಮೆಗೆ ಹನ್ನೆರಡು ಕರೆ, ಅದೂ ಸೆಕೆಂಡಿಗೆ ಒಂದರಂತೆ ಮಾತ್ರ ಒಳಗೆ, ಉಳಿದವರಿಗೆ ಬಿಜಿ. ಹನ್ನೆರಡರಲ್ಲಿ ಒಂದು ಲೈನನ್ನು ಆಸ್ಪತ್ರೆಗೆಂದೇ ಕಾದಿರಿಸಿದ್ದೆ.

ಇವತ್ತು ಸಾ ಹೊತ್ತಿಗೆ ಸ್ವಲ್ಪ ಮುಂಚೆ ನರ್ಸ್ ಪಲೇಪಾ ಏದುಸಿರು ಬಿಡುತ್ತ ಬಂದಳು.

"ವಾಯೋಲಾ, ನೀನು ಕಾದಿಟ್ಟ ಲೈನು ಎಲ್ಲಿ ಸತ್ತಿದೆ? ನಿನ್ನೆ ಗಂಟೆ ಆದ್ಮೇಲೆ ಎಷ್ಟು ಒತ್ತಿದ್ರೂ ಬಿಜಿ, ಬಿಜಿ! ಇವತ್ತು ಸೆಫೀನಾಗೆ ಹೆರಿಗೆ ನೋವು, ಮಗು ಕಾಲು ಮುಂದಾಗಿದೆ. ಆಚೆ ದ್ವೀಪಕ್ಕೆ ಕೊನೇ ಹಡಗು ಹೋಯ್ತು. ಅಲ್ಲಿನ ಅಪಿಯಾ ದೊಡ್ಡಾಸ್ಪತ್ರೆ ಡಾಕ್ಟ್ರು ಆಪರೇಷನ್ನಲ್ಲಿದಾರೆ. ಸಾ ಮುಗಿಯೋ ಹೊತ್ತಿಗೆ ಫೋನ್ ಮಾಡು, ಹೇಳ್ಕೊಡ್ತೀನಿ ಅಂದಿದಾರೆ."

ಒಳಗೆ ಕುರ್ಚಿ ಕಾದಿಟ್ಟಿದ್ದೆ, ಸರಿ. ಆದರೆ ಸೆಕೆಂಡಿಗೆ ಒಬ್ಬರನ್ನೇ ಬಿಡುವ ಬಾಗಿಲು ಎಲ್ಲರಿಗೂ ಒಂದೇ ಅಲ್ಲವೇ! ಊರೆಲ್ಲ ನುಗ್ಗುವಾಗ ಡಾಕ್ಟರ ಕರೆಯೂ ಹೊರಗೆ, ನರ್ಸಿನದೂ ಹೊರಗೆ. ನನ್ನ ಬುದ್ಧಿಗಿಷ್ಟು! ಈಗ ತಿದ್ದಬೇಕೆಂದರೆ ಯಂತ್ರ ನಿಲ್ಲಿಸಬೇಕು. ನಿಲ್ಲಿಸಿದರೆ ಅದು ಏಳಲು ಅರ್ಧ ಗಂಟೆ.

ಅಷ್ಟರಲ್ಲಿ ಹಳೇ ಗ್ಯಾಸ್ ಸಿಲಿಂಡರಿನ ಗಂಟೆ ಠಣ್ ಎಂದಿತು. ಸಾ ಶುರುವಾಯಿತು; ಇನ್ನು ಮುಗಿಯುವವರೆಗೆ ಯಾರೂ ರಸ್ತೆಗಿಳಿಯುವಂತಿಲ್ಲ. ಪಲೇಪಾಳನ್ನು ಆಸ್ಪತ್ರೆಗೆ ಕಳಿಸಿ ನಾನು ಯಜಮಾನರ ಮನೆಗೆ ಓಡಿದೆ. ಅವರ ಮನೆ ಮುಂದೆಯೇ ರಸ್ತೆ ಕಾಯುತ್ತಿದ್ದ ಗಂಡಸರು ಅಡ್ಡ ನಿಂತರು.

"ಏಯ್, ಸಾ ಹೊತ್ತಲ್ಲಿ ಓಡ್ತೀಯಾ? ದಂಡ ಬೀಳುತ್ತೆ! ಒಂದು ಪೆಟ್ಟಿಗೆ ಡಬ್ಬಿ ಮೀನು!"

"ಎರಡು ತಗೊಳ್ರೋ, ಮೊದಲು ದಾರಿ ಬಿಡಿ!"

ಊರ ಯಜಮಾನ ತುಯಿಲೋಮಾ ತಮ್ಮ ಮನೆಯಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದರು. ಪಕ್ಕದಲ್ಲಿ ಕುಕ್ಕರಿಸಿ ಪಿಸುಗುಟ್ಟಿದೆ: "ಯಜಮಾನ್ರೇ, ಕೊನೇ ಗಂಟೆ ಬಾರಿಸಬೇಡಿ. ಗಂಟೆ ಬಿದ್ರೆ ಎಲ್ಲರೂ ಫೋನ್ ಎತ್ತುತ್ತಾರೆ, ಪಲೇಪಾಗೆ ಡಾಕ್ಟ್ರು ಸಿಗಲ್ಲ."

"ದೇವರ ಹೊತ್ತನ್ನ ನಿನ್ನ ಯಂತ್ರಕ್ಕೋಸ್ಕರ ಎಳೀಬೇಕಾ?"

"ಯಂತ್ರಕ್ಕಲ್ಲ, ಸೆಫೀನಾಗೆ. ಮಗು ಕಾಲು ಮುಂದಾಗಿದೆ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಪಕ್ಕದಲ್ಲಿ ಕಾಯುತ್ತಿದ್ದ ಗಂಟೆ ಹೊಡೆಯುವವನ ಕೈಯಿಂದ ಸುತ್ತಿಗೆ ಕಿತ್ತು ತೊಡೆಯಡಿ ಇಟ್ಟುಕೊಂಡು ಇನ್ನೊಂದು ಹಾಡು ಎತ್ತಿಕೊಂಡರು. ಗಂಟೆ ಕೇಳದ್ದಕ್ಕೆ ಪಕ್ಕದ ಮನೆಯವರೂ ಹಾಡಿದರು, ಅದರಾಚೆಯವರೂ. ಯಾರದೋ ಒಲೆಯ ಮೇಲೆ ಕೆಸುವಿನ ಗೆಡ್ಡೆ ಸೀದ ವಾಸನೆ ಬಂತು. ಒಬ್ಬರೂ ಏಳಲಿಲ್ಲ.

ಎದುರಿನ ಆಸ್ಪತ್ರೆಯ ಕಿಟಕಿಯಲ್ಲಿ ಪಲೇಪಾ ಫೋನ್ ಕಿವಿಗಿಟ್ಟು ಕೈ ಎತ್ತಿದಳು. ಡಾಕ್ಟರು ಸಿಕ್ಕಿದ್ದರು! ನಾನು ಸುತ್ತಿಗೆಗೆ ಕೈ ಚಾಚಿದೆ. ಯಜಮಾನರು ನನ್ನ ಕೈಗೆ ಪಟ್ಟನೆ ಹೊಡೆದರು.

"ಮಧ್ಯೆ ಫೋನ್ ಕಟ್ಟಾದ್ರೆ ಮತ್ತೆ ಮಾಡಬೇಕಲ್ವೇನೇ? ಸುಮ್ನೆ ಹಾಡು."

ಇದು ನನಗೆ ಹೊಳೆದಿರಲೇ ಇಲ್ಲ. ಗಂಟಲು ಕಟ್ಟುವವರೆಗೆ ಹಾಡಿದೆವು. ಕೊನೆಗೆ ಹಾಡಿನ ನಡುವೆಯೇ ಆಸ್ಪತ್ರೆಯಿಂದ ಎಳೆಗೂಸಿನ ಅಳು ಕೇಳಿಸಿತು. ನನಗೂ ಅಳು ಬಂತು.

"ಹೂಂ, ಈಗ ಬಾರಿಸು," ಎಂದು ಸುತ್ತಿಗೆ ನನ್ನ ಕೈಗೇ ಕೊಟ್ಟರು. "ನಾಳೆ ಬೆಳಿಗ್ಗೆ ಆಸ್ಪತ್ರೆ ಫೋನಿಗೆ ಬೇರೆ ದಾರಿ ಮಾಡು. ಎರಡು ಪೆಟ್ಟಿಗೆ ಮೀನು ಅಂತ ಹೊರಗೆ ಕೂಗಿದ್ದು ಕೇಳಿಸ್ತು, ಅದನ್ನೂ ಮರೀಬೇಡ. ಬಾಣಂತಿ ಮನೆಗೆ ಕಳಿಸಬೇಕು."

ಠಣ್ ಎಂದದ್ದೇ ಊರೆಲ್ಲ ಫೋನ್ ಎತ್ತಿತು. ಯಜಮಾನರೂ ಆಕ್ಲೆಂಡಿನ ಮಗನಿಗೆ ಒತ್ತಿದರು. ಬಿಜಿ. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಫೋನ್ ಕೆಳಗಿಟ್ಟು ನಕ್ಕರು.

"ಇರಲಿ ಬಿಡು. ಮಗು ಡಾಕ್ಟ್ರ ಹತ್ರ ಮಾತಾಡ್ತಿದೆ."