ಕಾವು ಬಿಡಿಸುವ ಗೂಡು

ಕೆಂಚಿ ಕುಕ್ಕಿದ ರಭಸಕ್ಕೆ ಮಣಿಕಟ್ಟಿನಲ್ಲಿ ರಕ್ತ ಜಿನುಗಿತು. ಸೊಸೆ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ತಂತಿಗೂಡಿನ ಬಾಗಿಲೊಳಗೆ ತೋಳನ್ನು ಇನ್ನಷ್ಟು ತೂರಿಸಿ, ಕೋಳಿಯ ಹೊಟ್ಟೆಯ ಕೆಳಗೆ ಅಂಗೈ ಹಾಕಿ ನೋಡಿದಳು. ತಾನೇ ಪುಕ್ಕ ಕಿತ್ತುಕೊಂಡು ಬೋಳಾಗಿಸಿಕೊಂಡ ಚರ್ಮ. ಇನ್ನೂ ಬೆಚ್ಚಗಿತ್ತು. ಕೋಳಿ ಮೈಯೆಲ್ಲ ಉಬ್ಬಿಸಿಕೊಂಡು ಗಂಟಲಲ್ಲೇ ಗುರುಗುಟ್ಟಿತು.

"ಹಾಗೇ ಇರು. ಸಂಜೆವರೆಗೆ ತಡ್ಕೋ," ಎಂದು ಸೊಸೆ ಪಿಸುಗುಟ್ಟಿದಳು.

ಮುಂದಿನ ಕೋಣೆಯಲ್ಲಿ ಅತ್ತೆಯ ಹೆಣ ಮಲಗಿಸಿದ್ದರು. ನೋಡಲು ಬಂದವರ ಚಪ್ಪಲಿಗಳು ಹೊಸ್ತಿಲಿನಿಂದ ಬೀದಿಯವರೆಗೆ ಚೆಲ್ಲಾಡಿದ್ದವು. ಇತ್ತ ಹಿತ್ತಲಿನಲ್ಲಿ ಸೊಸೆ ಕೋಳಿಯೊಂದಿಗೆ ಗುಟ್ಟು ಮಾತಾಡುತ್ತಿದ್ದಳು.

ಕೆಂಚಿಯನ್ನು ಆ ಗೂಡಿಗೆ ಹಾಕಿದವಳು ಅತ್ತೆಯೇ, ಸಾಯುವ ಹಿಂದಿನ ದಿನ. ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡುವುದಿಲ್ಲ. ಕತ್ತಲ ಮೂಲೆ, ಒಂದು ಹಿಡಿ ಹುಲ್ಲು ಸಿಕ್ಕರೆ ಸಾಕು, ಅಡಿಯಲ್ಲಿ ಮೊಟ್ಟೆ ಇರಲಿ ಆಲೂಗಡ್ಡೆ ಇರಲಿ, ಮೇವು ನೀರು ಬಿಟ್ಟು ಕೂತೇ ಇರುತ್ತದೆ. ಅದಕ್ಕೆ ಅತ್ತೆಯ ಮದ್ದು ಒಂದೇ. ತಣ್ಣೀರಿನ ಬಕೆಟ್ಟಿನಲ್ಲಿ ಹೊಟ್ಟೆ ಅದ್ದಿ, ನಾಲ್ಕು ಇಟ್ಟಿಗೆಯ ಮೇಲೆ ನಿಲ್ಲಿಸಿದ ತಂತಿಗೂಡಿಗೆ ದೂಡುವುದು. ಅಲ್ಲಿ ಹುಲ್ಲಿಲ್ಲ, ಕತ್ತಲಿಲ್ಲ, ಅಡಿಯಿಂದ ಗಾಳಿ ಹೊಡೆಯುತ್ತದೆ. ಹೊಟ್ಟೆ ತಣ್ಣಗಾದ ಮೇಲೆ ಕೋಳಿ ಎಲ್ಲ ಮರೆತು ಮತ್ತೆ ಮೊಟ್ಟೆ ಇಡಲು ತೊಡಗುತ್ತದೆ. ಅತ್ತೆ ಅದನ್ನು ಕಾವು ಬಿಡಿಸುವುದು ಎನ್ನುತ್ತಿದ್ದಳು.

ಈ ಕೋಳಿಯ ಕಾವು ಬಿಡಿಸಲು ಬಿಡುವುದಿಲ್ಲ ಎಂದು ಸೊಸೆ ಬೆಳಿಗ್ಗೆ ಎದ್ದಾಗಲೇ ತೀರ್ಮಾನಿಸಿದ್ದಳು. ಬೇಕರಿಗೆಂದು ಎತ್ತಿಟ್ಟ ಬುಟ್ಟಿಯಿಂದ ಹೊಸ ಮೊಟ್ಟೆಗಳನ್ನು ಆರಿಸಿ, ತನ್ನ ಹೊಲಿಗೆ ಯಂತ್ರದ ಪಕ್ಕದ ಬಟ್ಟೆಚೂರಿನ ಚೀಲದಲ್ಲಿ ಬಚ್ಚಿಟ್ಟಿದ್ದಳು. ಈಗಲೇ ಕೂರಿಸಬಹುದಿತ್ತು. ಆದರೆ ಹಗಲು ಹೊತ್ತಿನಲ್ಲಿ ಜಾಗ ಬದಲಿಸಿದರೆ ಕೋಳಿ ಎದ್ದು ಓಡುತ್ತದೆ, ಬೆಳಕು ಇಳಿದ ಮೇಲೆ ಕೂರಿಸಬೇಕು. ಅದನ್ನು ಕಲಿಸಿದವಳೂ ಅತ್ತೆಯೇ. ಅತ್ತೆ ಬದುಕಿದ್ದಾಗ ಒಂದೂ ಎದುರು ಮಾತಾಡದವಳಿಗೆ ಸತ್ತ ಮೇಲೆ ಧೈರ್ಯ ಬಂತು ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ.

"ಅತ್ತಿಗೆ! ಅಲ್ಲೇನ್ ಮಾಡ್ತಿದೀರ? ಬಂದೋರೆಲ್ಲ ನಿಮ್ಮನ್ನೇ ಕೇಳ್ತಿದಾರೆ," ಎಂದು ನಾದಿನಿ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಕೋಳಿಗೆ ನೀರು ಇಡ್ತಿದ್ದೆ."

"ಕೋಳಿ ಎಲ್ಲೂ ಓಡಿಹೋಗಲ್ಲ ಬನ್ನಿ. ಬೇಕರಿಯವರು ಬಂದಿದಾರೆ, ಒಂದು ಮಾತಾಡ್ಸಿ."

ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ತಾಯಿಯ ತಲೆಯ ಹತ್ತಿರ ಗೋಡೆಗೊರಗಿ ನಿಂತಿದ್ದ. ವರ್ಷಗಟ್ಟಲೆ ಶಾಲೆಯ ವ್ಯಾನು ಓಡಿಸಿದ ಅವನ ಕೈಗಳು ಹಿಡಿಯಲು ಏನೂ ಸಿಗದೆ ಸುಮ್ಮನೆ ಜೋತುಬಿದ್ದಿದ್ದವು.

"ಈ ಬೀದಿಗೆ ಒಬ್ಬರೇ ಮೊಟ್ಟೆಯಮ್ಮ," ಎಂದು ಬೇಕರಿಯವನು ಕಣ್ಣೊರೆಸಿಕೊಂಡ. "ಬೇರೆಯವರ ಮೊಟ್ಟೆ ಆದ್ರೆ ಮೊದ್ಲು ಬಟ್ಟಲಲ್ಲಿ ಒಡೆದು ನೋಡ್ತೀನಿ. ಇವರದ್ದು ಸೀದಾ ಹಿಟ್ಟಿಗೆ. ಒಂದು ದಿನ ಒಂದು ಕೆಟ್ಟದ್ದು ಬಂದಿಲ್ಲಮ್ಮ. ಇನ್ನು ಯಾರನ್ನ ನಂಬೋದು, ಹೇಳಿ?"

ನಾದಿನಿ ಹೊಸದಾಗಿ ಬಂದವರಿಗೆಲ್ಲ ತಾಯಿಯ ಸಾವನ್ನು ಮೊದಲಿನಿಂದ ಹೇಳುತ್ತಿದ್ದಳು. "ಕೋಳಿ ಕಾಲಿಗೆ ಎಣ್ಣೆ ಹಚ್ತಾ ಹಚ್ತಾನೇ ಹೋಗ್ಬಿಟ್ರು. ಕೊನೇ ಉಸಿರಲ್ಲೂ ನನ್ನನ್ನೇ ಕರೀತಿದ್ರಂತೆ."

ಹಾಗಂತ ಅವಳಿಗೆ ಹೇಳಿದವರು ಯಾರೂ ಇಲ್ಲ. ಹತ್ತಿರ ಇದ್ದವಳು ಸೊಸೆ ಒಬ್ಬಳೇ. ಅತ್ತೆ ಹಿತ್ತಲಿನಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಚುಕ್ಕೆ ಕೋಳಿಯನ್ನು ಮಡಿಲಲ್ಲಿ ಒತ್ತಿ ಹಿಡಿದು, ಹುರುಪೆ ಎದ್ದ ಅದರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಎಣ್ಣೆ ಬಾಟಲಿ ಮುಚ್ಚು, ಇರುವೆ ಮುತ್ಕೋತವೆ," ಎಂದಳು. ಸೊಸೆ ಬಾಟಲಿ ಮುಚ್ಚಿ ತಿರುಗುವಷ್ಟರಲ್ಲಿ ಅತ್ತೆಯ ತಲೆ ಗೋಡೆಗೆ ವಾಲಿತ್ತು. ಕೋಳಿ ಮಡಿಲಿನಿಂದ ಜಿಗಿದು ಹೋಯಿತು, ಒಂದು ಕಾಲಿಗೆ ಎಣ್ಣೆ, ಇನ್ನೊಂದು ಹಾಗೇ. ಕೊನೆಯ ಮಾತು ಇರುವೆಯ ವಿಷಯ ಎಂದು ಸೊಸೆ ಯಾರಿಗೂ ಹೇಳಲಿಲ್ಲ.

ಎದುರು ಮನೆಯ ಟೀಚರಮ್ಮ ಬಂದು ಅವಳ ಭುಜ ಸವರಿದಳು. "ಅತ್ತುಬಿಡಮ್ಮ. ಒಳಗೇ ಇಟ್ಕೋಬಾರ್ದು."

ಸೊಸೆ ತಲೆಯಾಡಿಸಿದಳು. ಕಣ್ಣು ಮಾತ್ರ ಒಣಗಿದ್ದು ಒಣಗಿದಂತೆಯೇ ಇತ್ತು. ಟೀಚರಮ್ಮ ಆಚೆ ಸರಿದು ಪಕ್ಕದವಳ ಕಿವಿಯಲ್ಲಿ ಉಸುರಿದ್ದು ಇಡೀ ಕೋಣೆಗೆ ಕೇಳಿಸಿತು. ಪಾಠ ಹೇಳಿ ಹೇಳಿ ಪಳಗಿದ ಗಂಟಲು, ಪಿಸುಮಾತು ಅದಕ್ಕೆ ಒಗ್ಗುವುದಿಲ್ಲ.

"ಒಂದು ಹನಿ ಇಲ್ಲ ನೋಡಿ. ಅಷ್ಟೆಲ್ಲ ಮಾಡಿದ್ರು ಇವಳಿಗೆ."

ಮಾಡಿದ್ದು ನಿಜ.

* * *

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಅತ್ತೆಯೆಂದರೆ ಭಯಕ್ಕಿಂತ ಬೆರಗು ಹೆಚ್ಚು. ಗಂಡನನ್ನು ಬೇಗ ಕಳೆದುಕೊಂಡು, ಹಿತ್ತಲಿನ ಕೋಳಿಗಳನ್ನೇ ನಂಬಿ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವಳು. ಒಲೆಯ ಮುಂದೆ ಕೂತಿದ್ದರೂ ಹಿತ್ತಲಲ್ಲಿ ಕೋಳಿ ಸೀನಿದ್ದು ಅವಳಿಗೆ ಕೇಳಿಸುತ್ತಿತ್ತು. ತಕ್ಷಣ ಬೆಳ್ಳುಳ್ಳಿ ಜಜ್ಜಿ ನೀರಿಗೆ ಹಾಕುವಳು. ಹೇನು ಬಿದ್ದರೆ ಗುಂಡಿ ತೋಡಿ ಬೂದಿ ತುಂಬಿಸಿ ಹೊರಳಾಡಲು ಬಿಡುವಳು. ಮೇವು ಕೆಳಗಿಳಿಯದೆ ಎದೆಯ ಚೀಲ ಗಟ್ಟಿಯಾದರೆ ನಾಲ್ಕು ಹನಿ ಎಣ್ಣೆ ಕುಡಿಸಿ ಬೆರಳಿನಿಂದ ನೀವುತ್ತ ಕೂರುವಳು. ಮಕ್ಕಳನ್ನು ಎಂದಾದರೂ ಹಾಗೆ ನೀವಿದ್ದಳೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಮ್ಮೆ ಒಂದು ಎಳೆಯ ಹೇಂಟೆಗೆ ಮೊಟ್ಟೆ ಹೊರಗೆ ಬಾರದೆ ಸಿಕ್ಕಿಕೊಂಡಿತು. ಅತ್ತೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಕೋಳಿಯನ್ನು ಅದರಲ್ಲಿ ಕೂರಿಸಿ, ಮಧ್ಯಾಹ್ನವಿಡೀ ಬೆನ್ನು ಸವರಿದಳು. "ಬರುತ್ತೆ ತಾಯಿ, ಬರುತ್ತೆ. ಆತುರ ಬೇಡ. ನಾನಿಲ್ಲೇ ಇದೀನಿ," ಎನ್ನುತ್ತಿದ್ದಳು. ಆಗ ಸೊಸೆ ತುಂಬು ಬಸುರಿ. ನನ್ನ ಹೊತ್ತಿಗೂ ಇವರು ಹೀಗೆ ಪಕ್ಕದಲ್ಲಿದ್ದರೆ ಸಾಕು ಎಂದುಕೊಂಡಳು.

ಪಕ್ಕದಲ್ಲಿಯೇ ಇದ್ದಳು. ಮಗು ಹೆಣ್ಣು. ತಲೆ ತುಂಬ ಕೂದಲು. ಅಳಲಿಲ್ಲ. ನರ್ಸು ಬೆನ್ನು ತಟ್ಟಿದಳು, ಕಾಲು ಹಿಡಿದು ಅಲ್ಲಾಡಿಸಿದಳು, ಆಮೇಲೆ ಅತ್ತೆಯ ಮುಖ ನೋಡಿದಳು. ಸೊಸೆಯ ಮುಖವನ್ನು ಯಾರೂ ನೋಡಲಿಲ್ಲ. ಮಗುವನ್ನು ಗಂಡ ಮತ್ತು ಅತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಎಲ್ಲಿಗೋ ಹೋಗಿ ಬರಿಗೈಯಲ್ಲಿ ಬಂದರು.

ಮನೆಗೆ ಬಂದು ಸೊಸೆ ಹಿಂದಿನ ಕೋಣೆಯ ಕತ್ತಲಲ್ಲಿ ಮಲಗಿದಳು. ಬಟ್ಟೆಚೂರು ಕೂಡಿಸಿ ಹೊಲಿದಿಟ್ಟಿದ್ದ ಪುಟ್ಟ ಅಂಗಿಗಳು ದಿಂಬಿನ ಕೆಳಗಿದ್ದವು. ಕುಡಿಯುವವರಿಲ್ಲದ ಎದೆಗೆ ಹಾಲು ಬಂತು. ಅವಳು ಅಳುತ್ತಿದ್ದಳು, ನಿದ್ದೆ ಹೋಗುತ್ತಿದ್ದಳು, ಎದ್ದು ಮತ್ತೆ ಅಳುತ್ತಿದ್ದಳು.

ಮೂರನೆಯ ಬೆಳಿಗ್ಗೆ ಅತ್ತೆ ಬಂದು ಕಿಟಕಿ ತೆರೆದಳು. ಪರದೆ ಬಿಚ್ಚಿದಳು. ಸೊಸೆಯನ್ನು ಎಬ್ಬಿಸಿ ನಿಲ್ಲಿಸಿ ಹಾಸಿಗೆಯನ್ನು ಸುತ್ತಿ ಬಿಸಿಲಿಗೆ ಎಳೆದೊಯ್ದಳು. ದಿಂಬಿನ ಕೆಳಗಿನ ಅಂಗಿಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಆಮೇಲೆ ಒಂದು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಸೊಸೆಯ ಎದೆಗೆ ಉಸಿರು ಕಟ್ಟುವ ಹಾಗೆ ಬಿಗಿದಳು.

"ಅಂಗಿ ಕೊಡಿ ಅತ್ತೆ."

"ಬೇಕಾದವರಿಗೆ ಕೊಡ್ತೀನಿ. ಏಳು, ಕೋಳಿಗೂಡು ಗುಡಿಸಬೇಕು."

"ಇವತ್ತೊಂದಿನ ಬಿಟ್ಬಿಡಿ."

"ನಮ್ಮಕ್ಕನೂ ಹೀಗೇ ಇವತ್ತೊಂದಿನ ಅಂತ ಕೂತ್ಲು. ಏಳ್ಲೇ ಇಲ್ಲ. ಈ ಮನೇಲಿ ಅದು ಆಗಲ್ಲ."

ಬಾಗಿಲಲ್ಲಿ ನಿಂತಿದ್ದ ಗಂಡ, "ಅಮ್ಮ ಹೇಳಿದ ಹಾಗೆ ಕೇಳು," ಎಂದು ವ್ಯಾನಿನ ಕೀಲಿ ತೆಗೆದುಕೊಂಡು ಹೋದ.

ಸೊಸೆ ಗೂಡು ಗುಡಿಸಿದಳು. ಗುಡಿಸುವಾಗಲೇ ಮೊಟ್ಟೆಗೆಂದು ಬಂದ ಬೇಕರಿಯವನೊಂದಿಗೆ ಅತ್ತೆ ಗೋಡೆಯಾಚೆ ಮಾತಾಡಿದ್ದು ಕೇಳಿಸಿತು. "ಮೂರೇ ದಿನದಲ್ಲಿ ಎಬ್ಬಿಸಿದೆ ನೋಡಿ. ಕೋಳಿ ಆದ್ರೇನು, ಹೆಣ್ಣಾದ್ರೇನು? ಕಾವು ಬಿಡಿಸಿದ್ರೆ ಮತ್ತೆ ಇಡುತ್ತೆ."

ಸೊಸೆ ಮತ್ತೆ ಬಸುರಾಗಲಿಲ್ಲ. ಅಂದಿನಿಂದ ಅಳಲೂ ಇಲ್ಲ. ಬದುಕಿ ಉಳಿದಳು, ಅದಂತೂ ಅತ್ತೆಯ ಪುಣ್ಯವೇ ಇರಬೇಕು. ಶಾಲೆಯ ಮಕ್ಕಳ ಯೂನಿಫಾರಂ ಹೊಲಿದಳು, ಕೋಳಿಗೆ ಮೇವು ಹಾಕಿದಳು, ಅತ್ತೆ ಕರೆದಾಗ ಓಗೊಟ್ಟಳು. ಬೀದಿಯವರು ಅತ್ತೆ ಸೊಸೆ ಅಂದರೆ ಹೀಗಿರಬೇಕು ಎನ್ನುತ್ತಿದ್ದರು.

* * *

ಸ್ಮಶಾನದಲ್ಲಿ ಹೆಣವನ್ನು ಗುಂಡಿಗೆ ಇಳಿಸಿ, ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ನಾದಿನಿಯನ್ನು ಇಬ್ಬರು ಹಿಡಿದುಕೊಂಡಿದ್ದರು. ಸೊಸೆ ತನ್ನ ಪಾಲಿನ ಮಣ್ಣು ಹಾಕಿ, ಅಂಗೈ ಝಾಡಿಸಿಕೊಂಡು, ಸುತ್ತ ಕಣ್ಣಾಡಿಸಿದಳು. ಬೇಲಿಯ ಉದ್ದಕ್ಕೂ ಹೆಸರಿಲ್ಲದ ಸಣ್ಣ ಸಣ್ಣ ದಿಬ್ಬಗಳಿದ್ದವು. ಅವುಗಳ ಮೇಲೆ ಹುಲ್ಲು ಬೆಳೆದು ನೆಲ ಯಾವುದು ದಿಬ್ಬ ಯಾವುದು ತಿಳಿಯುವಂತಿರಲಿಲ್ಲ.

ಗಂಡನ ಪಕ್ಕಕ್ಕೆ ಹೋಗಿ ಕೇಳಿದಳು: "ಅವಳನ್ನ ಎಲ್ಲಿ ಇಟ್ರಿ?"

"ಯಾರನ್ನ?"

ಅವಳು ಆ ಸಣ್ಣ ದಿಬ್ಬಗಳತ್ತ ಕೈ ತೋರಿಸಿದಳು. ಅವನಿಗೆ ಅರ್ಥವಾಯಿತು. ಬೇಲಿಯ ಕಡೆ ಒಮ್ಮೆ ನೋಡಿ, ತಕ್ಷಣ ಕಣ್ಣು ತಿರುಗಿಸಿದ.

"ಈಗ ಅದೆಲ್ಲ ಯಾಕೆ? ಇವತ್ತು ಬೇಡ."

"ಇಷ್ಟು ವರ್ಷದಲ್ಲಿ ಯಾವತ್ತು ಬೇಕಾಗಿತ್ತು?"

"ಜನ ನೋಡ್ತಿದಾರೆ," ಎಂದು ಅವನು ವಾಹನದ ಕಡೆಗೆ ನಡೆದ.

ಮನೆಗೆ ಬರುವ ದಾರಿಯಲ್ಲಿ ಸೊಸೆಯ ತಲೆಯಲ್ಲಿ ಇದ್ದದ್ದು ಕೆಂಚಿ ಒಂದೇ. ಕೋಳಿಗೂಡಿನ ಕತ್ತಲ ಮೂಲೆಯ ಮರದ ಪೆಟ್ಟಿಗೆ, ಅದರಲ್ಲಿ ಹುಲ್ಲು, ಅದರ ಮೇಲೆ ಕೆಂಚಿ. ಮರಿಯಾಗಲಿ ಬಿಡಲಿ, ಎಷ್ಟು ದಿನ ಬೇಕೋ ಅಷ್ಟು ದಿನ ಕೂರಲಿ. ಯಾರೂ ಎಬ್ಬಿಸಬಾರದು. ಇಷ್ಟನ್ನು ಮಾಡಿಬಿಟ್ಟರೆ ಆ ಹೆಂಗಸಿನ ಲೆಕ್ಕ ಚುಕ್ತಾ ಆಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು.

* * *

ಬೆಳಕು ಇಳಿಯುವ ಹೊತ್ತಿಗೆ ಬಹಳ ಜನ ಹೋಗಿದ್ದರು. ಉಳಿದವರು ಹಿತ್ತಲಿನಲ್ಲಿ ಬಾಡಿಗೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ಸೊಸೆ ಬಟ್ಟೆಚೂರಿನ ಚೀಲ ಹಿಡಿದು ಕೋಳಿಗೂಡಿನ ಕಡೆ ಹೋದಳು. ಚುಕ್ಕೆ ಕೋಳಿ ಕಾಲಿಗೆ ಅಡ್ಡ ಬಂತು. ಎಣ್ಣೆ ಹಚ್ಚಿದ ಕಾಲು ಹೊಳೆಯುತ್ತಿತ್ತು, ಇನ್ನೊಂದರಲ್ಲಿ ಹುರುಪೆ ಹಾಗೇ ಇತ್ತು. ಅವಳ ಕೈ ತಾನಾಗಿಯೇ ಗೋಡೆಯ ಮೇಲಿನ ಬಾಟಲಿಗೆ ಹೋಯಿತು. ಹೋದ ಕೈಯನ್ನು ಅವಳು ಹಿಂದಕ್ಕೆ ತಂದುಕೊಂಡಳು.

ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ನಡುವೆ ಗುಳಿ ಮಾಡಿ ಮೊಟ್ಟೆಗಳನ್ನು ಜೋಡಿಸಿದಳು. ತಂತಿಗೂಡು ತೆರೆದು ಕೈ ಹಾಕಿದಳು. ಕೆಂಚಿ ಕುಕ್ಕಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಿದ್ದೂ ಅವಳು ಗೊತ್ತಿಲ್ಲದವಳಂತೆ ಅದನ್ನು ಎದೆಗೊತ್ತಿಕೊಂಡು ತಂದು ಮೊಟ್ಟೆಗಳ ಮೇಲೆ ಬಿಟ್ಟಳು.

ಕೆಂಚಿ ನಿಂತುಕೊಂಡಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಮೊಟ್ಟೆ ನೋಡಿತು, ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಅವುಗಳನ್ನು ತುಳಿದುಕೊಂಡೇ ಪೆಟ್ಟಿಗೆಯಿಂದ ಇಳಿದು ಬಾಗಿಲ ಕಡೆ ಹೊರಟಿತು.

"ಇಲ್ಲ, ಇಲ್ಲ, ಬಾ," ಎಂದು ಹಿಡಿದು ತಂದಳು. ಅದು ಮತ್ತೆ ಇಳಿಯಿತು. ಮತ್ತೆ ತಂದಳು. ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತಿ ಕೂರಿಸಿದಳು. "ಕೂತ್ಕೋ. ಯಾರೂ ಏನೂ ಅನ್ನಲ್ಲ. ಅವರು ಹೋದ್ರು. ಕೂತ್ಕೋ ತಾಯಿ." ಕೆಂಚಿ ಕೊಸರಾಡಿತು. ಸೊಸೆ ಅದರ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಬೆಳಿಗ್ಗೆ ಬೆಚ್ಚಗಿದ್ದ ಚರ್ಮ ತಣ್ಣಗಾಗಿತ್ತು.

ಬೆಳಿಗ್ಗೆಯೇ ಗೂಡಿನಿಂದ ತೆಗೆದಿದ್ದರೆ ಆಗುತ್ತಿತ್ತೇನೋ. ಸಂಜೆಯಾಗಲಿ ಎಂದು ಕಾದಳು. ಯಾರ ಮಾತು ಕೇಳಿ ಕಾದಳು ಎಂದು ಹೊಳೆದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅತ್ತೆ ಮಣ್ಣಿನಡಿ ಮಲಗಿಯೂ ತನ್ನ ಕೆಲಸ ಮುಗಿಸಿದ್ದಳು.

ಕೈ ಸಡಿಲವಾದದ್ದೇ ತಡ, ಕೆಂಚಿ ರೆಕ್ಕೆ ಕೊಡವಿಕೊಂಡು ಹೊರಗೆ ಓಡಿತು. ಸೊಸೆ ಪೆಟ್ಟಿಗೆಯ ಮುಂದೆ ಕುಸಿದು ಕೂತು ಎರಡೂ ಅಂಗೈಗಳಿಂದ ಮೊಟ್ಟೆಗಳನ್ನು ಮುಚ್ಚಿದಳು. ಆಗ ಅಳು ಬಂತು. ಇಷ್ಟು ವರ್ಷ ಎಲ್ಲಿತ್ತೋ, ತಡೆಯಲು ಹೋದರೂ ತಡೆಯದೆ, ದನಿ ಸಮೇತ ಬಂತು. ತಲೆ ತುಂಬ ಕೂದಲಿದ್ದ, ಒಮ್ಮೆಯೂ ಎತ್ತಿಕೊಳ್ಳದ ಆ ಮಗುವಿಗಾಗಿ ಅವಳು ಅತ್ತಳು.

ದನಿ ಕೇಳಿ ಮೊದಲು ಓಡಿ ಬಂದವಳು ನಾದಿನಿ. "ಅಯ್ಯೋ ಅತ್ತಿಗೆ!" ಎಂದು ಹಿಂದಿನಿಂದ ತಬ್ಬಿಕೊಂಡಳು. "ಟೀಚರಮ್ಮ, ಬನ್ನಿ ಇಲ್ಲಿ ನೋಡಿ. ಬೆಳಿಗ್ಗೆಯಿಂದ ಹಲ್ಲು ಕಚ್ಕೊಂಡಿದ್ರು ಪಾಪ. ಅಮ್ಮ ಕೂರ್ತಿದ್ದ ಜಾಗದಲ್ಲೇ ಬಂದು ಅಳ್ತಿದಾರೆ!"

ಟೀಚರಮ್ಮ ಬಾಗಿಲಲ್ಲಿ ಬಗ್ಗಿ ನೋಡಿದಳು. ಅವಳ ಕಣ್ಣೂ ತುಂಬಿತು. "ನಾನೇ ತಪ್ಪು ತಿಳ್ಕೊಂಡೆ. ಹೊಟ್ಟೇಲಿ ಹುಟ್ಟಿದ ಮಗಳೂ ಹೀಗೆ ಅಳಲ್ಲ."

ಗಂಡ ಬಂದ. ಸೊಸೆ ತಲೆಯೆತ್ತಿ ಅವನನ್ನೇ ನೋಡಿದಳು.

"ನಾನು ನಿಮ್ಮಮ್ಮನಿಗೆ ಅಳ್ತಿಲ್ಲ," ಎಂದಳು.

ಅವನಿಗೆ ಕೇಳಿಸಿತು. ಬಗ್ಗಿ ಅವಳ ಬೆನ್ನು ತಟ್ಟಿ, ಹಿಂದೆ ನಿಂತವರಿಗೆ, "ಸುಸ್ತಾಗಿದೆ ಅವಳಿಗೆ. ಒಳಗೆ ಕರ್ಕೊಂಡು ಹೋಗಿ," ಎಂದ.

ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನಾದಿನಿಯ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. "ಇಷ್ಟೊಂದು ಮೊಟ್ಟೆ ಇಲ್ಲೇ ಬಿಟ್ಟಿದಾರಲ್ಲ, ಅಮ್ಮ ಇದ್ದಿದ್ರೆ ಸುಮ್ನಿರ್ತಿದ್ರಾ? ಉಳ್ಕೊಂಡಿರೋರ ಊಟಕ್ಕಾದ್ರೂ ಆಗುತ್ತೆ," ಎನ್ನುತ್ತ ಒಂದೊಂದಾಗಿ ಆರಿಸಿ ಪಾತ್ರೆಗೆ ಹಾಕಿಕೊಂಡು ಒಳಗೆ ಹೋದಳು.

ಇಬ್ಬರು ಹೆಂಗಸರ ನಡುವೆ ಸೊಸೆ ಹಿತ್ತಲು ದಾಟಿದಳು. ಕೆಂಚಿ ಕುರ್ಚಿಗಳ ಕೆಳಗೆ ಬಿದ್ದಿದ್ದ ಬ್ರೆಡ್ಡಿನ ಪುಡಿ ಹೆಕ್ಕುತ್ತ ಮಿಕ್ಕ ಕೋಳಿಗಳನ್ನು ಅಟ್ಟುತ್ತಿತ್ತು. ಅಡುಗೆಮನೆಯಲ್ಲಿ ದೀಪ ಹತ್ತಿತು. ಬಾಣಲೆಯ ಅಂಚಿಗೆ ಮೊದಲ ಮೊಟ್ಟೆ ತಟ್ಟಿದ ಸದ್ದು ಕೇಳಿಸಿತು, ಅದರ ಹಿಂದೆಯೇ ಎರಡನೆಯದು.