ಕ್ಲಚ್ ಇಲ್ಲದ ಗಾಡಿ

ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡವರು ಅಣ್ಣತಮ್ಮಂದಿರ ಹಾಗಿರಬೇಕಂತೆ. ಇರಬೇಕಂತೆ! ಮೀಸೆಯಣ್ಣನ ಷಡ್ಡಕ ಮಾಡಿದ್ದೇನು ಗೊತ್ತೇ? ಸೀದಾ ಲಾರಿ ಮಾಲೀಕರ ಹತ್ತಿರ ಹೋಗಿ, “ನಮ್ಮ ಭಾವನ ಎಡಮಂಡಿ ಹೋಗಿದೆ ಸಾರ್, ಕ್ಲಚ್ ತುಳಿಯೋಕಾಗಲ್ಲ, ಎಲ್ಲಾದ್ರೂ ಗುದ್ದಿಬಿಡ್ತಾರೆ” ಎಂದು ಕಿವಿ ಊದಿದ. ಮಂಡಿ ನೋಯುತ್ತಿದ್ದದ್ದು ನಿಜವೇ. ಆದರೆ ಅದನ್ನು ಮೀಸೆಯಣ್ಣ ಹೇಳಿಕೊಂಡಿದ್ದು ಮನೆಯಲ್ಲಿ, ಒಟ್ಟಿಗೆ ಊಟಕ್ಕೆ ಕೂತಾಗ, ನಮ್ಮವನೆಂದು ನಂಬಿ. ಲಾರಿ ಷಡ್ಡಕನ ಪಾಲಾಯಿತು, ಮೀಸೆಯಣ್ಣ ಯಾರ್ಡಿನ ಗೇಟು ಕಾಯುವವನಾದ.

ಅಷ್ಟಕ್ಕೇ ಸುಮ್ಮನಿದ್ದನೇ ಆ ಪುಣ್ಯಾತ್ಮ? ಗೇಟಿನ ಮುಂದೆ ಬಂದಾಗೆಲ್ಲ ಉದ್ದಕ್ಕೆ ಹಾರ್ನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, “ಭಾವ, ಕಾಲು ಜೋಪಾನ!” ಎನ್ನುತ್ತಿದ್ದ. ಯಾರ್ಡಿನಲ್ಲಿದ್ದವರೆಲ್ಲ ಕಿಸಕ್ಕನೆ ನಗುತ್ತಿದ್ದರು. ಮೀಸೆಯಣ್ಣ ಹಲ್ಲು ಕಚ್ಚಿಕೊಂಡು ಗೇಟು ತೆಗೆಯುತ್ತಿದ್ದ.

“ಹೋಗ್ಲಿ ಬಿಡಿ, ನನ್ನ ತಂಗಿ ಗಂಡ ಅಲ್ವಾ” ಎಂದಳು ಹೆಂಡತಿ.

“ಬಿಡ್ತೀನಾ? ಅವನ ಕೈಲಿ ಇದೇ ಗೇಟು ತೆಗೆಸದಿದ್ರೆ ನಾನು ಈ ಮೀಸೆ ಬೋಳಿಸ್ಕೋತೀನಿ!”

ಹಾಗಿರುವಾಗ ಮಾಲೀಕರು ಹಳೇ ಲಾರಿ ಕೊಟ್ಟು ಹೊಸದು ತರಿಸಿದರು. ಆಟೋಮ್ಯಾಟಿಕ್ ಗೇರು, ಕ್ಲಚ್ಚೇ ಇಲ್ಲ. ಕ್ಲಚ್ಚೇ ಇಲ್ಲದ ಮೇಲೆ ಎಡಮಂಡಿ ಹೋದರೇನು, ಇದ್ದರೇನು! ಯಾರು ಓಡಿಸಬೇಕೆಂದು ಇನ್ನೂ ತೀರ್ಮಾನವಾಗದೆ ಗಾಡಿ ಯಾರ್ಡಿನಲ್ಲೇ ನಿಂತಿತ್ತು, ಕೀಲಿ ಗೇಟಿನ ಗೂಡಿನಲ್ಲಿತ್ತು. ಯಾರ್ಡು ಖಾಲಿಯಿದ್ದಾಗ ಮೀಸೆಯಣ್ಣ ಗಾಡಿ ಹತ್ತಿ ಮೆಲ್ಲಗೆ ಬಿಟ್ಟ. ನಿಲ್ಲಿಸಬೇಕೆಂದಾಗ ಕಾಲು ತನ್ನ ಬುದ್ಧಿ ತೋರಿಸಿತು. ಜೀವನವೆಲ್ಲ ಕ್ಲಚ್ ಒತ್ತಿದ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ, ಅಗಲವಾದ ಬ್ರೇಕ್ ಪೆಡಲನ್ನೇ ಪೂರ್ತಿ ಅದುಮಿತು. ಗಾಡಿ ಧಡಕ್ಕನೆ ನಿಂತು ಎದೆ ಸ್ಟೇರಿಂಗಿಗೆ ಹೊಡೆಯಿತು. ನೋವಿನಲ್ಲೂ ಮೀಸೆಯಣ್ಣನಿಗೆ ನಗು ಬಂತು. ಆಮೇಲೆ ದಿನಾ ಎಡಗಾಲನ್ನು ಸೀಟಿನ ಕೆಳಗೆ ಮಡಿಸಿಟ್ಟು ಓಡಿಸುವುದನ್ನು ರೂಢಿ ಮಾಡಿಕೊಂಡ. ಯಾರಿಗೂ ಬಾಯಿ ಬಿಡಲಿಲ್ಲ.

ಚಹಾದಂಗಡಿಯಲ್ಲಿ ಚರ್ಚೆ ಜೋರಾಗಿತ್ತು. “ಅದೂ ಒಂದು ಗಾಡಿನಾ? ಒಂದು ಸೆನ್ಸರ್ ಕೆಟ್ರೆ ನಡುರಸ್ತೇಲಿ ಮಲಗತ್ತೆ” ಎಂದ ಷಡ್ಡಕ. “ಮೇಸ್ತ್ರಿ ಸ್ಪ್ಯಾನರ್ ಬಿಟ್ಟು ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ಬೇಕು. ಡೀಸೆಲ್ ಸಾಲ್ದು ಅಂತ ಹೊಗೆ ಶುದ್ಧ ಮಾಡೋಕೆ ಯೂರಿಯಾ ನೀರು ಬೇರೆ ಕುಡಿಯತ್ತೆ. ಖರ್ಚಿಗೆ ಕೊನೆ ಇದ್ಯಾ?”

ಟ್ಯಾಂಕರ್ ಓಡಿಸುವ ಮುದುಕ ಒಪ್ಪಲಿಲ್ಲ. “ಏಯ್, ನೀವೆಲ್ಲ ಅರ್ಧ ಕ್ಲಚ್ಚಲ್ಲೇ ಓಡಿಸಿ ಪ್ಲೇಟ್ ಸುಡ್ತೀರಲ್ಲ, ಅದು ಖರ್ಚಲ್ವಾ? ಅದರಷ್ಟಕ್ಕೆ ಅದೇ ಗೇರ್ ಹಾಕ್ಕೊಂಡ್ರೆ ಡೀಸೆಲ್ಲೂ ಉಳಿಯತ್ತೆ.”

ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಮೀಸೆಯಣ್ಣ ಷಡ್ಡಕನಿಗೆ ಬೆಣ್ಣೆ ಹಚ್ಚತೊಡಗಿದ. “ಅಲ್ಲಪ್ಪಾ, ಆ ಗಾಡಿಗೆ ನೀನಲ್ದೆ ಇನ್ಯಾರು? ಎಂಥೆಂಥ ಗಾಡಿ ಪಳಗಿಸಿದ ಕೈ ನಿಂದು! ಮಾಲೀಕರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಸುತ್ತು ಹಾಕ್ಸು. ಇಲ್ಲ, ಭಯ ಆಗತ್ತೆ ಅಂದ್ರೆ ಬೇಡ.”

“ಭಯಾನಾ? ನನಗಾ?” ಷಡ್ಡಕ ಗ್ಲಾಸು ಕುಕ್ಕಿ ಎದ್ದೇಬಿಟ್ಟ.

ಮಾಲೀಕರು ಪಕ್ಕದ ಸೀಟಿನಲ್ಲಿ ಕೂತರು. ಬೆಲ್ಟ್ ಹಾಕಿಕೊಳ್ಳಲಿಲ್ಲ. ಹೇಳಬೇಕೆಂದು ಮೀಸೆಯಣ್ಣನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡ. ಷಡ್ಡಕ ಯಾರ್ಡಿನ ತುದಿಯವರೆಗೆ ಸಲೀಸಾಗಿ ಹೋದ. ತಿರುವಿನಲ್ಲಿ ಗೇರು ಇಳಿಸುವ ಹಳೇ ಚಾಳಿ ಎದ್ದಿತು. ಎಡಗಾಲು ಕ್ಲಚ್ ಹುಡುಕಿತು. ಲಾರಿ ಕಿರುಚಿ ನಿಂತಿತು. ಮಾಲೀಕರ ಹಣೆ ಮುಂದಿನ ಗಾಜಿಗೆ ಬಡಿದು ಬುಗುಟೆ ಎದ್ದಿತು. ಗಾಬರಿಯಲ್ಲಿ ಷಡ್ಡಕ ಮತ್ತೆ ಹೊರಡಿಸಿ, ಮತ್ತೆ ಅದನ್ನೇ ಮಾಡಿದ.

“ಇಳಿಯೋ ಕೆಳಗೆ! ನಿನ್ನ ಭಾವನ ಕಾಲು ಹೋಗಿದೆ ಅಂದ್ಯಲ್ಲ, ನಿನ್ನ ಕಾಲಿಗೇನು ಬಂದಿದೆ ದಾಡಿ?” ಮಾಲೀಕರು ಹಣೆ ಹಿಡಿದುಕೊಂಡು ಕೂಗಾಡಿದರು.

“ನಾನೊಂದು ಸಲ ನೋಡ್ಲಾ ಸಾರ್?” ಎಂದ ಮೀಸೆಯಣ್ಣ, ಸಾಧುವಿನಂತೆ. ಎಡಗಾಲು ಮಡಿಸಿಟ್ಟು ಸುತ್ತು ಹಾಕಿದ. ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಮಾಲೀಕರ ಕನ್ನಡಕ ಕೂಡ ಜಾರಲಿಲ್ಲ. ಹೊಸ ಲಾರಿ ಅವನದಾಯಿತು. ಹಳೇದು ಆಗಲೇ ಮಾರಿಹೋಗಿತ್ತು, ಗೇಟಿಗೆ ಆಳು ಬೇಕಿತ್ತು.

ಮರುದಿನ ಲೋಡು ತುಂಬಿಕೊಂಡು ಮೀಸೆಯಣ್ಣ ಗೇಟಿಗೆ ಬಂದ. ಎಷ್ಟು ದಿನದಿಂದ ಕಾದಿದ್ದ ಗಳಿಗೆ! ಉದ್ದಕ್ಕೆ ಹಾರ್ನ್ ಒತ್ತಿ, ತಲೆ ಹೊರಹಾಕಿದ.

“ಕಾಲು ಜೋಪಾನ ಕಣಪ್ಪಾ!”

ಷಡ್ಡಕ ತಲೆ ತಗ್ಗಿಸಿಕೊಂಡು ಗೇಟು ತೆಗೆದು ಪಕ್ಕಕ್ಕೆ ನಿಂತ. “ಕಾಲು ಮಡಿಸ್ಬೇಕು ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ವಾ ಭಾವ? ಒಂದು ಮಾತು ಹೇಳ್ಬಾರ್ದಿತ್ತಾ, ನಮ್ಮವರೇ ಆಗಿ?” ಎಂದ. ಅವನ ಕಣ್ಣು ತುಂಬಿತ್ತು.

ನಮ್ಮವರು! ಆ ಮಾತು ಕೇಳಿ ಮೀಸೆಯಣ್ಣನ ಮೈಯೆಲ್ಲ ಉರಿಯಿತು. ಲಾರಿ ಮುಂದಕ್ಕೆ ಬಿಡಲಿಲ್ಲ.

“ನೀನು ತೆಗೆದಿದ್ದು ಸರಿಯಾಗಿ ನೋಡ್ಲಿಲ್ಲ ನಾನು” ಎಂದ. “ಗೇಟು ಹಾಕಿ ಇನ್ನೊಂದ್ಸಲ ತೆಗಿ.”