ಮುರ್ತುಜಾಸಾಬರು ಮುಟ್ಟದ ಮೋಟರು

ಜನಾಜಾಕ್ಕೆ ಹೆಗಲು ಕೊಡಲು ರೈಸ್‌ಮಿಲ್ಲಿನ ಸಾವ್ಕಾರ ಪಂಪಣ್ಣ ಮುಂದೆ ಬಂದಾಗ ಸಾದಿಕ ಒಂದು ಗಳಿಗೆ ತಡೆದು ನಿಂತ. ತೀರಿಹೋದ ತನ್ನ ತಂದೆ, ಮೋಟರು ರಿಪೇರಿಯ ಮುರ್ತುಜಾಸಾಬರನ್ನು ಆರು ವರ್ಷ ಮಾತಾಡಿಸದಿದ್ದ ಮನುಷ್ಯ. ಆಮೇಲೆ ತಾನೇ ಸರಿದು ಜಾಗ ಬಿಟ್ಟ. ಗಂಗಾವತಿಯ ರೈಸ್‌ಮಿಲ್ಲುಗಳ ರಸ್ತೆಯಲ್ಲಿ ಜನ ಮೆಲ್ಲಗೆ ಸಾಗಿದರು.

"ನಮ್ಮ ಪಂಪಸೆಟ್ಟು ಸುಟ್ಟಾಗ ಭತ್ತ ಒಣಗಾಕ ಹತ್ತಿತ್ರಿ. ಊಟ ಬಿಟ್ಟು ಕುಂತು ವೈಂಡಿಂಗ್ ಮಾಡಿಕೊಟ್ರು" ಎಂದ, ಆನೆಗೊಂದಿಯ ರೈತ ಹುಸೇನಪ್ಪ. "ತಂತಿ ಒಂದ್ ಸುತ್ತು ಸೈತ ಕಡಿಮಿ ಹಾಕಿದವರಲ್ಲ."

ಪಂಪಣ್ಣ ತಲೆ ತಗ್ಗಿಸಿ ನಡೆದ.

*

ಪಂಪಣ್ಣನ ಮಿಲ್ಲಿನ ದೊಡ್ಡ ಮೋಟರಿಗೆ ಮುರ್ತುಜಾಸಾಬರು ನಾಲ್ಕು ಸಲ ವೈಂಡಿಂಗ್ ಮಾಡಿದ್ದರು. ಆರು ವರ್ಷದ ಹಿಂದೆ ಅದು ಐದನೆಯ ಸಲ ಸುಟ್ಟಾಗ ಬಿಚ್ಚಿ ನೋಡಿ, ಪಾನಾ ಕೆಳಗಿಟ್ಟರು.

"ಇದನ್ನ ನಾ ಮುಟ್ಟಂಗಿಲ್ರಿ ಸಾವ್ಕಾರ್ರ. ಒಳಗಿನ ಕಬ್ಬಿಣಾನ ಕೆಟ್ಟೈತಿ. ಹೊಸ ತಂತಿ ಹಾಕಿದ್ರೂ ಕರೆಂಟು ಸುಮ್ನ ಕಾವಾಗಿ ಹೋಗತೈತಿ. ಈಗ ಕಡಿಮಿ ಕರೆಂಟು ತಿನ್ನೋ ಮೋಟರು ಬಂದಾವ. ಅದನ್ನ ತರ್ರಿ."

"ವಯಸ್ಸಾತು, ಕೈಲೆ ಆಗಂಗಿಲ್ಲ ಅಂತ ಹೇಳು" ಎಂದಿದ್ದ ಪಂಪಣ್ಣ, ಹಮಾಲರೆಲ್ಲರ ಎದುರಿಗೆ.

ಬೇಗ ಸುಡದ ಅಂಥ ಮೋಟರು ಬಂದರೆ ಆ ಮಿಲ್ಲಿನಲ್ಲಿ ತಮಗೆ ಕೆಲಸವೇ ಉಳಿಯದೆಂದು ಮುರ್ತುಜಾಸಾಬರಿಗೆ ಗೊತ್ತಿತ್ತು. ಚೀಲ ಎತ್ತಿಕೊಂಡು ಹೋದರು.

ಬೇರೆಯವರು ಮಾಡಿದ ವೈಂಡಿಂಗ್ ಹಂಗಾಮು ಮುಗಿಯುವ ಮೊದಲೇ ಸುಟ್ಟಿತು. ಪಂಪಣ್ಣ ಹೊಸ ಮೋಟರನ್ನೇ ತಂದ. ಕರೆಂಟು ಉಳಿಯಿತು. ಅದನ್ನು ಹೇಳಲು ಮುರ್ತುಜಾಸಾಬರ ಅಂಗಡಿಯವರೆಗೆ ಹೋಗಬೇಕೆಂದರೆ ಮಾತ್ರ ಕಾಲು ಏಳಲಿಲ್ಲ.

*

ಮಣ್ಣು ಕೊಟ್ಟು ಬಂದ ಮೇಲೆ ಪಂಪಣ್ಣ ಸಾದಿಕನ ಮನೆಯ ಬಾಗಿಲಲ್ಲಿ ನಿಂತ. ಪರದೆಯ ಆಚೆ ಮುರ್ತುಜಾಸಾಬರ ಹೆಂಡತಿ ಹಸೀನಾಬೇಗಂ ಕುಳಿತಿದ್ದರು.

"ಅವ್ರು ಹೇಳಿದ್ದು ಖರೇ ಇತ್ರಿ ಅಮ್ಮಾರ. ನಾ ಬಂದು ಹೇಳ್ಲಿಲ್ಲ."

ಒಳಗಿನಿಂದ ಅವರ ದನಿ ಬಂತು. "ಅವ್ರಿಗೆ ಗೊತ್ತಿತ್ರಿ ಪಂಪಣ್ಣಾರ. ಶುಕ್ರವಾರ ನಮಾಜಿಗೆ ಹೋಗುವಾಗ ನಿಮ್ಮ ಮಿಲ್ಲಿನ ಗೋಡಿ ಬಾಜೂಕ ನಿಂತು ಕೇಳ್ತಿದ್ರು. ಮನಿಗೆ ಬಂದು, 'ಮೋಟರು ಛಲೋ ಉಸಿರಾಡಾಕ ಹತ್ತೈತಿ' ಅಂತಿದ್ರು."

ಪಂಪಣ್ಣ ನೇರ ಮಿಲ್ಲಿಗೆ ಹೋದ.

"ಇವತ್ತು ಬಂದ್ ಮಾಡೂನೇನ್ರಿ?" ಆಪರೇಟರ್ ಕೇಳಿದ.

"ಬ್ಯಾಡ. ನಡೀಲಿ."

ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಸುಡುತ್ತಿತ್ತು. ಓಡುತ್ತಿದ್ದ ಮೋಟರಿನ ಮೈಮೇಲೆ ಅವನು ಅಂಗೈ ಇಟ್ಟ. ಹಳೆಯದರಂತೆ ಸುಡಲಿಲ್ಲ, ಬರೀ ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಖಬರಸ್ತಾನದ ಮಣ್ಣು ಇನ್ನೂ ಹಸಿಯಾಗಿತ್ತು.